ಗಿರಣಿಯ ಕಹಿ ಪುಡಿ

ಮೆಂತ್ಯ ಹುರಿಯುವ ವಾಸನೆ ಬಂದರೆ ನಾನು ಇವತ್ತಿಗೂ ಎದ್ದು ಹೋಗಿ ಕಿಟಕಿ ಹಾಕಿಬಿಡುತ್ತೇನೆ. ಪಕ್ಕದ ಮನೆಯವರು ತಪ್ಪು ತಿಳಿದುಕೊಂಡಿದ್ದಾರೆ, ತಿಳಿದುಕೊಳ್ಳಲಿ. ಮೆಂತ್ಯದ ಹಿಂದೆಯೇ ಅತ್ತರಿನ ವಾಸನೆ ಬರುತ್ತದೆ, ಆಮೇಲೆ ಒಂದು ಸಣ್ಣ ಕೆಮ್ಮು. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿಕೊಂಡು ಬದುಕಿದವಳು, ದೆವ್ವ ಗಿವ್ವ ಅಂದರೆ ಮೂಗು ಮುರಿಯುವವಳು. ಆದರೂ ಕಿಟಕಿ ಹಾಕುತ್ತೇನೆ.

ಹಲಸೂರಿನಲ್ಲಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ ಇತ್ತು. ಗಿರಣಿ ಅನ್ನುವುದು ಬೋರ್ಡಿನಲ್ಲಿ ಮಾತ್ರ, ಬಾಯಲ್ಲಿ ಎಲ್ಲರಿಗೂ ಅದು ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ರಾಮಮೂರ್ತಿ ನಗರದ ಕಡೆ ಇದ್ದ ತಾತನ ಹೊಲ ಸೈಟುಗಳಾಗಿ ಹೋದಾಗ ತನ್ನ ಪಾಲಿಗೆ ಬಂದದ್ದನ್ನು ಅಪ್ಪ ಈ ಮಿಲ್ಲಿಗೆ ಹಾಕಿದ. ರಾಗಿ ಬೆಳೆಯುತ್ತಿದ್ದವನು ರಾಗಿ ಬೀಸುವುದಕ್ಕೆ ಕೂತ. ನಮ್ಮ ಬಟ್ಟೆ, ಹಾಸಿಗೆ, ಪುಸ್ತಕ, ತಲೆಗೂದಲು, ಎಲ್ಲದರ ಮೇಲೂ ಸದಾ ಒಂದು ಪದರ ಹಿಟ್ಟು ಇರುತ್ತಿತ್ತು.

ಬೀಸುವುದಕ್ಕೂ ಒಂದು ಕ್ರಮವಿದೆ. ಬೆಳಿಗ್ಗೆ ಮೊದಲು ಅಕ್ಕಿ, ಆಮೇಲೆ ಗೋಧಿ, ಆಮೇಲೆ ರಾಗಿ, ಮಧ್ಯಾಹ್ನದ ಮೇಲೆ ಕಡಲೆ, ಹುರುಳಿ. ಮೆಂತ್ಯ ಎಲ್ಲಕ್ಕಿಂತ ಕೊನೆಗೆ, ಮಿಲ್ಲು ಮುಚ್ಚುವ ಹೊತ್ತಿಗೆ. ಏಕೆಂದರೆ ಅದರ ಕಹಿ ಕಲ್ಲಿಗೆ ಹಿಡಿದುಕೊಳ್ಳುತ್ತದೆ. ಅಪ್ಪ ಎಷ್ಟೇ ನುಚ್ಚು ಹಾಕಿ ಬೀಸಿ ಕಲ್ಲು ತೊಳೆದರೂ ಮಾರನೆಯ ದಿನದ ಮೊದಲ ಅಕ್ಕಿಹಿಟ್ಟಿಗೆ ಸ್ವಲ್ಪ ಕಹಿ ತಗುಲಿಯೇ ತಗುಲುತ್ತಿತ್ತು. ಆ ಹಿಟ್ಟು ನಮ್ಮ ಮನೆಯ ರೊಟ್ಟಿಗೆ.

ತೊಂಬತ್ತರ ದಶಕದ ನಡುವಿಗೆ ಗಿರಾಕಿಗಳ ಮಾತೇ ಬದಲಾಯಿತು. ಅಲ್ಲಿಯ ತನಕ ಗೋಧಿಹಿಟ್ಟು ಮಲ್ಲಿಗೆಯ ಹಾಗೆ ಬೆಳ್ಳಗಿರಬೇಕು, ಎರಡು ಸಲ ಜರಡಿ ಹಿಡಿಯಿರಿ ಎಂದು ಪೀಡಿಸುತ್ತಿದ್ದ ಇಂದಿರಾನಗರದ ಹೆಂಗಸರು ಈಗ, "ತವುಡು ತೆಗೀಬೇಡಿ, ಡಾಕ್ಟರು ಫೈಬರ್ ಬೇಕು ಅಂದಿದ್ದಾರೆ" ಅನ್ನತೊಡಗಿದರು. ಗೋಧಿಯ ಜೊತೆ ಬಾರ್ಲಿ, ಸೋಯಾ, ಹುರುಳಿ, ಮೆಂತ್ಯ ಸೇರಿಸಿ ಬೀಸಿಸಿಕೊಂಡು ಹೋಗುತ್ತಿದ್ದರು. ಅಪ್ಪನಿಗೆ ನಗು. "ಎಮ್ಮೆಗೆ ಹಾಕ್ತಿದ್ದ ಬೂಸಾನ ಈಗ ಸಾಹೇಬ್ರು ತಿಂತವ್ರೆ ನೋಡಮ್ಮ" ಎಂದು ನನ್ನತ್ತ ಕಣ್ಣು ಮಿಟುಕಿಸುತ್ತಿದ್ದ. ಆ ನಗು ಬಹಳ ದಿನ ಉಳಿಯಲಿಲ್ಲ. ಅವನಿಗೂ ಸಕ್ಕರೆ ಕಾಯಿಲೆ ಬಂತು. ಹಾರ್ಟೂ ಸ್ವಲ್ಪ ವೀಕು ಅಂದರು ಡಾಕ್ಟರು.

ಅಪ್ಪನಿಗೆ ಕಾಯಿಲೆಗಿಂತ ಮಾತ್ರೆಯ ಭಯ ಹೆಚ್ಚು. ನಮ್ಮ ದೊಡ್ಡಪ್ಪ ಹಿಡಿಗಟ್ಟಲೆ ಮಾತ್ರೆ ನುಂಗಿದವರು, ಆದರೂ ಕೊನೆಗೆ ಕಾಲು ಕತ್ತರಿಸಿದರು, ಅದೇ ವರ್ಷ ಹೋದರು. ಅವರು ಮಾತ್ರೆ ನುಂಗಿದ ಬಾಯಲ್ಲೇ ಮೈಸೂರುಪಾಕೂ ನುಂಗುತ್ತಿದ್ದರು ಅನ್ನುವುದನ್ನು ಅಪ್ಪ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ನಮ್ಮಣ್ಣನ್ನ ತಿಂದಿದ್ದು ಆ ಮಾತ್ರೆನೇ" ಅಂದುಬಿಟ್ಟ. ನಮ್ಮಪ್ಪ ಒಂದು ಸಲ ಅಂದರೆ ಮುಗಿಯಿತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಲ್ಲಿಗೆ ಭಾಯಿಯ ಮಾತು ಬರಬೇಕು. ಭಾಯಿ ಅಂದರೆ ಅಪ್ಪನ ಗೆಳೆಯರು. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹತ್ತಿರ ಅವರದು ಖರ್ಜೂರ, ಬಾದಾಮಿ, ಒಣದ್ರಾಕ್ಷಿಯ ಅಂಗಡಿ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ತಮಿಳು, ನಮ್ಮಪ್ಪನ ಜೊತೆ ಚೊಕ್ಕ ಹಲಸೂರು ಕನ್ನಡ. ಪ್ರತಿ ಶುಕ್ರವಾರ ಸಂಜೆ ತಪ್ಪದೆ ಮಿಲ್ಲಿಗೆ ಬರುತ್ತಿದ್ದರು. ಅಚ್ಚ ಬಿಳಿ ಜುಬ್ಬಾ, ಕಿವಿಯ ಹಿಂದೆ ಅತ್ತರು. ಕೂರುವುದಕ್ಕೆ ಸ್ಟೂಲು ಕೊಟ್ಟರೂ ಕೂರುತ್ತಿರಲಿಲ್ಲ, ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತೇ ಹರಟುತ್ತಿದ್ದರು. ಹಿಟ್ಟಿನ ದೂಳು ಗಂಟಲಿಗೆ ಹೋಗಿ ಆಗಾಗ ಸಣ್ಣಗೆ ಕೆಮ್ಮುತ್ತಿದ್ದರು. ಹೆಚ್ಚು ಕಡಿಮೆ ಅಪ್ಪನ ಜೊತೆಗೇ ಅವರಿಗೂ ಸಕ್ಕರೆ ಶುರುವಾಗಿತ್ತು. "ಗೌಡ್ರೇ, ನಾನು ಸಿಹಿ ಮಾರೋನು, ನಂಗೆ ಬಂದಿದ್ದಕ್ಕೆ ಅರ್ಥ ಇದೆ. ಹಿಟ್ಟು ಬೀಸೋ ನಿಮಗ್ಯಾಕ್ರೀ ಬಂತು?" ಎಂದು ರೇಗಿಸುತ್ತಿದ್ದರು.

ಇಬ್ಬರೂ ಸೇರಿ ಒಂದು ಪುಡಿ ಕಂಡುಹಿಡಿದರು. ಯಾರೋ ಗಿರಾಕಿ ಒಂದು ಹೇಳಿದ, ಇನ್ಯಾರೋ ಮತ್ತೊಂದು ಸೇರಿಸಿದ. ಹುರಿದ ಮೆಂತ್ಯ, ನೇರಳೆ ಬೀಜ, ಒಣಗಿಸಿದ ಹಾಗಲಕಾಯಿ, ಬೇವಿನ ಎಲೆ, ಮಧುನಾಶಿನಿ ಸೊಪ್ಪು. ಭಾಯಿ ಶಿವಾಜಿನಗರದ ಗ್ರಂಧಿಗೆ ಅಂಗಡಿಗಳನ್ನು ಜಾಲಾಡಿ ಸಾಮಾನು ತರುವುದು, ಅಪ್ಪ ಬೀಸುವುದು. ಹಾರ್ಟಿಗೆ ಅಂತ ಬೇರೆ ಹೊಳೆಮತ್ತಿ ಚಕ್ಕೆಯ ಕಷಾಯ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ ಮುಟ್ಠಾಳರು, ನಾವು ತೋರಿಸ್ತೀವಿ" ಅಂತ ಅಪ್ಪ ಸಾರಿದ. ಸಾರಿ ಮಾತ್ರೆಯ ಪೊಟ್ಟಣವನ್ನು ಅಮ್ಮನ ಮಡಿಲಿಗೆ ಎಸೆದ. ಬೆಳಿಗ್ಗೆ ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಅಷ್ಟೇ. ಆ ಕಹಿಯನ್ನು ನಾನೊಮ್ಮೆ ನಾಲಿಗೆಗೆ ಮುಟ್ಟಿಸಿ ಅರ್ಧ ದಿನ ಉಗುಳಿದ್ದೆ.

ಅಯ್ಯೋ, ಆಮೇಲೆ ನೋಡಬೇಕಿತ್ತು ನಮ್ಮಪ್ಪನ ಮೆರೆತ! ತಿಂಗಳು ಕಳೆಯುವುದರೊಳಗೆ ಸಕ್ಕರೆ ಇಳಿಯಿತು. ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ ಮುಂದಿಟ್ಟರೆ ಅವರು, "ವೆರಿ ಗುಡ್, ಇದನ್ನೇ ಕಂಟಿನ್ಯೂ ಮಾಡಿ" ಅಂದರು. ಡಾಕ್ಟರು ಹೇಳಿದ್ದು ತಮ್ಮ ಮಾತ್ರೆಯನ್ನು. ಅಪ್ಪ ಕೇಳಿಸಿಕೊಂಡಿದ್ದು ತನ್ನ ಪುಡಿಯನ್ನು. ಅಂದಿನಿಂದ ಮಿಲ್ಲಿಗೆ ಬಂದವರಿಗೆಲ್ಲ ಡಾಕ್ಟರೇ ಒಪ್ಪಿದ ಪುಡಿ ಎಂದು ಉಪದೇಶ. ಮಾರುತ್ತಿರಲಿಲ್ಲ, ಸುಮ್ಮನೆ ಕೊಡುತ್ತಿದ್ದ. ಬಿಟ್ಟಿ ಸಿಕ್ಕಿದ ಔಷಧಿಗೆ ಲಿಂಗರಾಜಪುರದಿಂದಲೂ ಜನ ಬರುತ್ತಿದ್ದರು.

ಅಮ್ಮ ಮಾತ್ರ ಒಬ್ಬೊಬ್ಬರಿಗೂ ಬಾಗಿಲ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು, ಪುಡಿ ತಗೊಳ್ಳಿ, ಮಾತ್ರೇನೂ ಬಿಡಬೇಡಿ ಅಂತ. ಒಂದು ಶುಕ್ರವಾರ ಭಾಯಿಗೂ ಅಂದಳು. ಅವರು ನಕ್ಕರು. "ನಿಮ್ಮನೇವ್ರು ಬಿಟ್ಟು ಕಲ್ಲುಗುಂಡಿನ ಹಂಗಿಲ್ವಾ ಅಕ್ಕಾ? ಅವರಿಗೆ ಬೇಡದ್ದು ನಂಗ್ಯಾಕೆ?" ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಒಳಗಿನಿಂದ, "ಲೇ, ನಿನಗೇನೇ ಗೊತ್ತು, ಹೋಗೇ ಒಳಗೆ" ಎಂದು ಗದರಿದ. ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಒಳಗೆ ಹೋದಳು. ಆ ದಿನ ಅವಳ ಮುಖ ಯಾಕೆ ಹಾಗೆ ಕಪ್ಪಿಟ್ಟಿತು ಅಂತ ನನಗೆ ತಿಳಿಯಲಿಲ್ಲ.

ಭಾಯಿ ಹೋದದ್ದು ರಂಜಾನ್ ಕಳೆದ ಸ್ವಲ್ಪ ದಿನಕ್ಕೆ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದವರು ಹಾಗೇ ಕುಸಿದು ಕೂತರಂತೆ. ಆಸ್ಪತ್ರೆಯಲ್ಲಿ ಸಕ್ಕರೆ ನೋಡಿ ಡಾಕ್ಟರುಗಳೇ ಹೌಹಾರಿದರಂತೆ. ಸಕ್ಕರೆಗೆ ಏನು ಕೊಡುತ್ತಿದ್ದಿರಿ ಎಂದು ಕೇಳಿದರೆ ಹೆಂಡತಿಗೆ ಹೇಳಲು ಆ ಪುಡಿಯೊಂದು ಬಿಟ್ಟರೆ ಏನೂ ಇರಲಿಲ್ಲ. ಸಂಜೆಯೊಳಗೆ ಮಣ್ಣು ಕೂಡ ಆಯಿತು. ಅಪ್ಪ ಖಬರಸ್ತಾನದ ತನಕ ಹೋಗಿ ಹಿಡಿಮಣ್ಣು ಹಾಕಿ ಬಂದ. ಬಂದವನು ಮಿಲ್ಲಿನ ಮೂಟೆಗಳ ಮೇಲೆ ಬೋರಲು ಬಿದ್ದು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಳು ನಿಂತ ಮೇಲೆ ಅಪ್ಪನಿಗೆ ಒಂದು ಕಾರಣ ಬೇಕಾಯಿತು. ತನ್ನನ್ನು ಉಳಿಸಿದ ಪುಡಿ ಭಾಯಿಯನ್ನು ಯಾಕೆ ಉಳಿಸಲಿಲ್ಲ? ಯೋಚಿಸಿ ಯೋಚಿಸಿ ಕಂಡುಕೊಂಡ. "ಪಥ್ಯ ಮಾಡ್ಲಿಲ್ಲ ಭಾಯಿ. ಖರ್ಜೂರದ ಮುಂದೆ ಕೂತೋನು ಬಾಯಿ ಕಟ್ಟೋಕಾಗುತ್ತಾ? ಬಿರಿಯಾನಿ ಬಿಟ್ಟಿರಲ್ಲ ಬಿಡು." ಬಂದ ಗಿರಾಕಿಗಳಿಗೂ ಇದನ್ನೇ ಹೇಳತೊಡಗಿದ. ಪುಡಿಯದೇನೂ ತಪ್ಪಿಲ್ಲ, ತಿಂದವನದು ತಪ್ಪು. ಅದನ್ನು ಕೇಳಿದಾಗಲೆಲ್ಲ ಒಳಗೆ ಅಮ್ಮನ ಕೈಯಿಂದ ಏನಾದರೊಂದು ಬೀಳುತ್ತಿತ್ತು.

ಭಾಯಿ ಮತ್ತೆ ಮಿಲ್ಲಿಗೆ ಬರಲು ಶುರು ಮಾಡಿದ್ದು ಆಗ. ಹೀಗೆ ಬರೆಯಲು ನನಗೆ ನಾಚಿಕೆ, ಆದರೆ ಅಮ್ಮನ ಪಾಲಿಗೆ ಅವರು ಬಂದದ್ದಂತೂ ನಿಜ. ಸಂಜೆ ಮೆಂತ್ಯ ಬೀಸುವಾಗ ದೂಳು ಏಳುತ್ತದಲ್ಲ, ಆ ದೂಳಿನಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಾರೆ ಅಂದಳು. ಮಾತಿಲ್ಲವಂತೆ, ಬರೀ ನೋಡುತ್ತಾರಂತೆ. ಮೋಟರಿನ ಸದ್ದಿನ ನಡುವೆ ಕೆಮ್ಮು ಕೇಳುತ್ತದಂತೆ. ಆ ಜಾಗದಲ್ಲಿ ಗಿರಾಕಿಗಳು ಡಬ್ಬ ಇಟ್ಟರೆ ಓಡಿಬಂದು ಎತ್ತಿ ಬೇರೆ ಕಡೆ ಇಡುತ್ತಿದ್ದಳು. "ಅಲ್ಲಿ ನಿಲ್ಬೇಡಿ, ಈ ಕಡೆ ಬನ್ನಿ, ಅಲ್ಲಿ ಜಾಗ ಇಲ್ಲ." ಖಾಲಿ ಜಾಗ ನೋಡಿ ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. "ಏನಮ್ಮಾ ಇದು ಹುಚ್ಚಾಟ, ಓದಿದ ಮಗಳು ಮನೇಲಿದ್ದೀನಿ, ಮಾನ ತೆಗೀಬೇಡ" ಎಂದು ಕೂಗಾಡಿದೆ. ಹಾಗೆ ಕೂಗಾಡಿದ ಸಂಜೆಯೇ ಕಂಬದ ಹತ್ತಿರ ಕಸ ಗುಡಿಸುತ್ತಿದ್ದ ನನ್ನ ಮೂಗಿಗೆ ಅತ್ತರಿನ ವಾಸನೆ ಅಡರಿತು. ಮೂಟೆಗೆ ಹಿಡಿದುಕೊಂಡ ಹಳೆಯ ವಾಸನೆ ಇರಬೇಕು ಅಂದುಕೊಂಡೆ. ಪೊರಕೆ ಅಲ್ಲೇ ಬಿಟ್ಟು ಒಳಗೆ ಬಂದುಬಿಟ್ಟೆ.

ಅಮ್ಮ ಕರಗಿಹೋದಳು. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತಿತ್ತು, ಅಪ್ಪ ಕೆರೆಯ ಕಡೆ ಹೋಗಿದ್ದ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೂರಿಸಿ ಹೇಳಿದಳು.

"ನಿಮ್ಮಪ್ಪ ಮಾತ್ರೆ ಬಿಟ್ಟಿಲ್ಲ ಕಣೇ. ಬಿಡೋಕೆ ನಾನು ಬಿಟ್ಟಿಲ್ಲ."

ನನಗೆ ಅರ್ಥವಾಗಲಿಲ್ಲ. ಅಮ್ಮ ಒಲೆಯ ಪಕ್ಕದ ಸಣ್ಣ ಕುಟ್ಟಾಣಿ ತೋರಿಸಿದಳು. ಅಪ್ಪ ಮಾತ್ರೆ ಎಸೆದ ಮಾರನೆಯ ದಿನದಿಂದಲೇ ಅವಳು ಅದನ್ನು ಕುಟ್ಟಿ ಪುಡಿ ಮಾಡಿ ಅವನ ಬೆಳಗಿನ ಲೋಟಕ್ಕೆ ಬೆರೆಸುತ್ತಿದ್ದಳು, ಸಕ್ಕರೆಯದೂ ಹಾರ್ಟಿನದೂ. ಮೆಂತ್ಯ, ಬೇವು, ಹಾಗಲಕಾಯಿಯ ಕಹಿಯಲ್ಲಿ ಅವೆರಡರ ಕಹಿ ಯಾರಿಗೆ ಗೊತ್ತಾಗಬೇಕು? ಡಾಕ್ಟರ ಹತ್ತಿರ, ಅವರಿಗೆ ಮಿಲ್ಲು ಬಿಟ್ಟು ಬರೋಕಾಗಲ್ಲ ಅಂತ ಹೇಳಿ ತಾನೇ ಮಾತ್ರೆ ಬರೆಸಿಕೊಂಡು ತರುತ್ತಿದ್ದಳು.

"ಗಂಡ ಉಳೀಲಿ ಅಂತ ಮಾಡ್ದೆ. ಇವರು ಉಳಿದಿದ್ದು ನೋಡಿ ಭಾಯಿ ಮಾತ್ರೆ ಬಿಟ್ರು. ನಾನೇ ಆ ಮನುಷ್ಯನ್ನ ಕೊಂದಂಗಾಯ್ತಲ್ಲೇ."

ನನಗೆ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗದ ಕೋಪ. ಈಗಲೇ ಅಪ್ಪನಿಗೆ ಹೇಳು, ಇನ್ನೂ ಎಷ್ಟು ಜನ ಆ ಪುಡಿ ನಂಬಿ ಮಾತ್ರೆ ಬಿಟ್ಟಿದ್ದಾರೋ ಅಂದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹೇಳಿದ್ರೆ ನಿಮ್ಮಪ್ಪನ ಎದೆ ಒಡೆದುಹೋಗುತ್ತೆ. ಗೆಳೆಯನ್ನ ತನ್ನ ಕೈಯಾರೆ ಕಳಿಸಿದೆ ಅಂತ ಗೊತ್ತಾದ್ರೆ ಆ ಮನುಷ್ಯ ಬದುಕ್ತಾರಾ? ಹೇಳದೇ ಇದ್ರೆ ಭಾಯಿ ನನ್ನ ಬಿಡ್ತಿಲ್ಲ. ಹೇಳ್ತೀನಿ ಕಣೇ, ನಾನೇ ಹೇಳ್ತೀನಿ. ಸ್ವಲ್ಪ ಧೈರ್ಯ ಬರ್ಲಿ." ಅತ್ತ ದರಿ, ಇತ್ತ ಪುಲಿ. ಈ ಗಾದೆಯನ್ನು ಎಷ್ಟೋ ಸಲ ಬಾಯಿಪಾಠದಂತೆ ಹೇಳಿದ್ದೆ, ಅದು ಹೇಗಿರುತ್ತದೆ ಅಂತ ಕಂಡದ್ದು ಅವತ್ತು.

ಧೈರ್ಯ ಬರುವ ತನಕ ಅವಳು ಕಳ್ಳಾಟ ನಡೆಸಿದಳು. ಮೆಂತ್ಯಕ್ಕೆ ಹುಳ ಬಿದ್ದಿದೆ ಅಂತ ಚರಂಡಿಗೆ ಸುರಿದಳು. ನೇರಳೆ ಬೀಜಕ್ಕೆ ಬೂಷ್ಟು ಅಂದಳು. ಪುಡಿ ಕೇಳಿ ಬಂದವರಿಗೆ ಮುಗಿದುಹೋಯಿತು ಅಂತ ಬಾಗಿಲಿನಿಂದಲೇ ಕಳಿಸಿದಳು, ಹಿಂದೆಯೇ ಬೀದಿ ಮೂಲೆ ತನಕ ಓಡಿ, "ಮಾತ್ರೆ ತಗೊಳ್ತಿದ್ದೀರಿ ತಾನೇ? ದೇವರಾಣೆ ಬಿಡಬೇಡಿ. ರಾಗಿ ತಿನ್ನಿ, ಮೆಂತ್ಯ ಕುಡೀರಿ, ಬೇಡ ಅಂದೋರ್ಯಾರು? ಮಾತ್ರೇನೂ ಬೇಕು ಅಷ್ಟೇ" ಎಂದು ಕೈ ಮುಗಿದಳು. ಅಪ್ಪ ಮತ್ತೆ ಸಾಮಾನು ತಂದ. ಮತ್ತೆ ಬೀಸಿದ. ಕಂಬದ ಹತ್ತಿರದ ಜಾಗಕ್ಕೆ ಅವಳು ಕೊನೆಗೆ ಗೋಣಿಚೀಲಗಳನ್ನು ಒಟ್ಟಿಟ್ಟಳು, ಯಾರೂ ನಿಲ್ಲದ ಹಾಗೆ. ಈಗ ಚೀಲಗಳ ಹಿಂದೆ ನಿಲ್ಲುತ್ತಾರೆ ಅಂದಳು ನನಗೆ.

ಭಾಯಿಯ ಹೆಂಡತಿ ಅವರ ಪದ್ಧತಿಯಂತೆ ಇದ್ದತ್, ಅಂದರೆ ಗಂಡ ಹೋದ ಮೇಲಿನ ನಾಲ್ಕು ತಿಂಗಳು ಹತ್ತು ದಿನ, ಮುಗಿಯುವ ತನಕ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಮುಗಿದ ಮೇಲೆ ಒಂದು ಸಂಜೆ, ಮಿಲ್ಲು ಮುಚ್ಚಲು ಇನ್ನೂ ಹೊತ್ತಿದ್ದಾಗ, ಆಟೋದಿಂದ ಇಳಿದರು. ಕಪ್ಪು ಬುರ್ಖಾ, ಕೈಯಲ್ಲಿ ಐದು ಕೇಜಿಯ ಡಬ್ಬ. ನಾನು ಶಾಲೆಯಿಂದ ಬಂದು ಒಳಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ಅಪ್ಪ ಎದ್ದು ನಿಂತು ಸ್ಟೂಲಿನ ಮೇಲಿನ ಹಿಟ್ಟನ್ನು ತನ್ನ ಟವೆಲ್ಲಿನಿಂದ ಝಾಡಿಸಿ ಕೂರಿಸಿದ. ಅಮ್ಮ ಅಡುಗೆಮನೆಯಿಂದ ಬಂದವಳು ಕಂಡದ್ದೇ ತಡ, ಗೋಡೆ ಹಿಡಿದುಕೊಂಡಳು.

"ಅಣ್ಣಾ, ರಾಗಿ ಬೀಸಿಕೊಡಿ" ಅಂದರು ಆಕೆ. "ಆಮೇಲೆ ನಂಗೂ ಆ ಪುಡಿ ಬೇಕು. ಡಾಕ್ಟರು ನಂಗೂ ಶುಗರ್ ಅಂದ್ರು. ಮನೇಲಿ ಎಲ್ರೂ ಬೇಡ ಅಂತಾರೆ. ಆದ್ರೆ ಅವರಿಗೆ ನಿಮ್ಮ ಕೈಮೇಲೆ ಅಷ್ಟು ನಂಬಿಕೆ ಇತ್ತಲ್ಲ. ಅವರು ನಂಬಿದ್ದು ಸುಳ್ಳು ಅಂತ ನಾನು ಹೆಂಗೆ ಅನ್ಲಿ?"

ಅಪ್ಪನಿಗೆ ಕಣ್ಣು ತುಂಬಿತು. "ಕೊಡ್ತೀನಮ್ಮಾ, ಎಷ್ಟು ಬೇಕಾದ್ರೂ ಕೊಡ್ತೀನಿ. ನೀವಾದ್ರೂ ಪಥ್ಯ ಸರಿಯಾಗಿ ಮಾಡಿ. ಭಾಯಿ ಒಂಚೂರು ಬಾಯಿ ಕಟ್ಟಿದ್ರೆ..."

ಆಕೆ ತಲೆ ಎತ್ತಿದರು. "ಅಲ್ಲಾನ ಆಣೆ, ಹಂಗನ್ಬೇಡಿ ಅಣ್ಣಾ. ರಂಜಾನಲ್ಲಿ ಸಂಜೆ ರೋಜಾ ಉಪವಾಸ ಬಿಡುವಾಗ ಊರೆಲ್ಲ ಖರ್ಜೂರ ತಿನ್ನುತ್ತೆ. ಖರ್ಜೂರದ ಅಂಗಡಿ ಯಜಮಾನ್ರು, ಈ ಸಲ ಒಂದೂ ಮುಟ್ಲಿಲ್ಲ. ಬರೀ ನೀರು ಕುಡಿದು ರೋಜಾ ಬಿಟ್ರು. ಈದ್ ದಿನ ಶೀರ್ ಖುರ್ಮಾ ಪಾಯಸದ ಬಟ್ಲು ಮುಂದಿಟ್ರೆ ವಾಪಸ್ ತಳ್ಳಿದ್ರು. ಗೌಡ್ರಿಗೆ ಮಾತು ಕೊಟ್ಟಿದ್ದೀನಿ ಅಂದ್ರು. ಮುದ್ದೆ ನುಂಗೋಕೆ ಬರದ ಮನುಷ್ಯ, ಅತ್ತುಕೊಂಡು ನುಂಗೋದು ಕಲಿತ್ರು."

ಮೋಟರು ಖಾಲಿ ಓಡುತ್ತಿತ್ತು, ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜುವ ಸದ್ದು. ಅಮ್ಮ ಹೋಗಿ ಸ್ವಿಚ್ಚು ಆರಿಸಿದಳು. ಅವಳು ಆ ಸ್ವಿಚ್ಚು ಮುಟ್ಟಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಬೆಲ್ಟು ಪಟಪಟ ಬಡಿದು ನಿಂತಿತು.

"ರೀ, ಅವರ ತಪ್ಪೇನೂ ಇಲ್ಲ" ಅಂದಳು. ಧ್ವನಿ ಅವಳದಲ್ಲವೇನೋ ಅನ್ನಿಸಿತು. "ಸತ್ತೋರ ಮೇಲೆ ಹೊರಿಸ್ಬೇಡಿ. ನೀವು ಮಾತ್ರೆ ಬಿಟ್ಟೇ ಇಲ್ಲ. ಇಷ್ಟು ದಿನವೂ ದಿನಾ ಬೆಳಿಗ್ಗೆ ನಾನೇ ಕುಟ್ಟಿ ನಿಮ್ಮ ಲೋಟಕ್ಕೆ ಹಾಕ್ತಿದ್ದೆ. ಸಕ್ಕರೆ ಇಳಿದಿದ್ದು ಪುಡಿಯೊಂದರಿಂದಲೇ ಅಲ್ಲ. ಭಾಯಿಗೆ ಬರೀ ಪುಡಿ ಸಿಕ್ತು."

ಅಪ್ಪ ಅವಳನ್ನೇ ನೋಡಿದ. ಹೊಡೆಯುತ್ತಾನೆ ಅಂದುಕೊಂಡು ನಾನು ಲೋಟ ಇಟ್ಟು ನಡುವೆ ಬಂದೆ. ಹೊಡೆಯಲಿಲ್ಲ. ಹಾಗೆಯೇ ಹಿಂದಕ್ಕೆ ಸರಿದು ರಾಗಿ ಮೂಟೆಯ ಮೇಲೆ ಕೂತ. "ನಾನು ಹೇಳಿದ್ನಲ್ಲೇ... ಎಲ್ರಿಗೂ ಹೇಳಿದ್ನಲ್ಲೇ" ಅಂತಷ್ಟೇ ಅಂದ. ಎರಡು ಕೈಯಲ್ಲೂ ಹಿಟ್ಟು, ಆ ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದ.

ಅಮ್ಮ ಆಕೆಯ ಕಾಲ ಹತ್ತಿರ ನೆಲದ ಮೇಲೆ ಕೂತಳು. "ಬೈಯಮ್ಮಾ. ಶಾಪ ಹಾಕು. ಏನಾದ್ರೂ ಅನ್ನು" ಅಂದಳು. ನಾನೂ ಅದಕ್ಕೇ ಕಾದಿದ್ದೆ. ಬೈಗುಳ ಬಂದಿದ್ದರೆ, ಶಾಪ ಬಂದಿದ್ದರೆ ಅಮ್ಮ ಅದನ್ನು ಹೊತ್ತುಕೊಂಡು ಹೇಗೋ ಬದುಕುತ್ತಿದ್ದಳು.

ಆಕೆ ಬೈಯಲಿಲ್ಲ. ಡಬ್ಬವನ್ನು ಪಕ್ಕಕ್ಕಿಟ್ಟರು. ಆಮೇಲೆ ಬಗ್ಗಿ, ಅಮ್ಮನ ಹಿಟ್ಟು ಮೆತ್ತಿದ ತಲೆಯ ಮೇಲೆ ಕೈ ಇಟ್ಟು, ಅಕ್ಕನನ್ನು ತಂಗಿ ಕೇಳುವ ಹಾಗೆ ಮೆಲ್ಲಗೆ ಕೇಳಿದರು.

"ನಂಗೆ ಒಂದು ಮಾತು ಹೇಳಿದ್ರೆ ನಾನೂ ಹಂಗೇ ಕುಟ್ಟಿ ಹಾಕ್ತಿದ್ನಲ್ಲಾ ಅಕ್ಕಾ?"